ಇಂಗ್ಲೆಂಡಿನಲ್ಲಿ ಫೌಂಡೇಶನ್ ಇಯರ್ ಮೂಲಕ ಎಲ್‌ಎಲ್‌ಬಿ: ಆ ಒಂದು ವರ್ಷ ದಂಡವೋ, ದಾರಿಯೋ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಅಣ್ಣನ ಮಗಳು ಇಂಗ್ಲೆಂಡಿನಲ್ಲೇ ಓದಿದವಳು. ಎ-ಲೆವೆಲ್‌ನಲ್ಲಿ (ಅಲ್ಲಿನ ಹನ್ನೆರಡನೇ ಕ್ಲಾಸಿನಂಥ ಪರೀಕ್ಷೆ) ಸಿ, ಡಿ, ಡಿ ಬಂದಿದೆ. ಲಾ ಬಿಟ್ಟು ಬೇರೇನೂ ಬೇಡ ಅಂತಾಳೆ. ನೇರ ಎಲ್‌ಎಲ್‌ಬಿ ಕೇಳಿದ ಕಡೆಯೆಲ್ಲ "ಫೌಂಡೇಶನ್ ಇಯರ್ ಇರುವ ನಾಲ್ಕು ವರ್ಷದ ಕೋರ್ಸಿಗೆ ಬನ್ನಿ" ಅನ್ನುತ್ತಿದ್ದಾರೆ. ಅಂದರೆ ಮೂರು ವರ್ಷದ ಡಿಗ್ರಿಗೆ ಮೊದಲು ಒಂದು ತಯಾರಿ ವರ್ಷ. ಮನೆಯಲ್ಲಿ ಎರಡು ಪಕ್ಷ ಆಗಿದೆ. ಒಂದು ಪಕ್ಷದವರು "ಅದು ದುಡ್ಡು ಕೀಳುವ ದಾರಿ, ಎ-ಲೆವೆಲ್ ಇನ್ನೊಮ್ಮೆ ಬರೆಯಲಿ" ಅಂತ. ಇನ್ನೊಂದು ಪಕ್ಷ "ಸೀಟು ಕೊಡ್ತಿದ್ದಾರಲ್ಲ, ಸುಮ್ಮನೆ ಸೇರಲಿ" ಅಂತ. ಆ ವರ್ಷದಲ್ಲಿ ನಿಜಕ್ಕೂ ಏನು ಕಲಿಸುತ್ತಾರೆ? ಮಕ್ಕಳು ಎಲ್ಲಿ ಎಡವುತ್ತಾರೆ? ಸೇರುವ ಮೊದಲು ಏನು ಓದಿಕೊಂಡಿರಬೇಕು? ಗೊತ್ತಿರುವವರು ಬಿಡಿಸಿ ಹೇಳಿ.

ಕಪ್ಪುಕೋಟು
ಮೊದಲು ಲೆಕ್ಕ ತಿಳಿದುಕೊಳ್ಳಿ. ಎ-ಲೆವೆಲ್ ಸಿ ಅಂದರೆ 32 ಯುಕಾಸ್ (ಅಲ್ಲಿನ ಯೂನಿವರ್ಸಿಟಿ ಪ್ರವೇಶ ಸಂಸ್ಥೆ) ಪಾಯಿಂಟ್, ಡಿ ಅಂದರೆ 24. ಒಟ್ಟು 80. ಫೌಂಡೇಶನ್ ಇಯರ್‌ಗೆ ಇದು ಬಹಳಷ್ಟು ಕಡೆ ಸಾಕು.

ಅಲ್ಲಿನ ಆನರ್ಸ್ ಡಿಗ್ರಿ 360 ಕ್ರೆಡಿಟ್, ವರ್ಷಕ್ಕೆ 120. ಫೌಂಡೇಶನ್ ಇಯರ್ ಕೂಡ 120 ಕ್ರೆಡಿಟ್ಟೇ, ಆದರೆ ಆ 360ರ ಹೊರಗೆ. ಕೆಲವು ಯೂನಿವರ್ಸಿಟಿ ಅದನ್ನ ಲೆವೆಲ್ 0 ಅನ್ನುತ್ತವೆ, ಕೆಲವು ಲೆವೆಲ್ 3. ಎಲ್‌ಎಲ್‌ಬಿ ಮೊದಲ ವರ್ಷ ಲೆವೆಲ್ 4. ಒಂದು ಕ್ರೆಡಿಟ್‌ಗೆ 10 ಗಂಟೆ ಕೆಲಸ ಅಂತ ಲೆಕ್ಕ. ಹಾಗಾಗಿ 20 ಕ್ರೆಡಿಟ್ ಮಾಡ್ಯೂಲ್ ಅಂದರೆ 200 ಗಂಟೆ. ಅದರಲ್ಲಿ ತರಗತಿ ಸಣ್ಣ ಪಾಲು, ಉಳಿದದ್ದೆಲ್ಲ ಸ್ವಂತ ಓದು. "ವಾರಕ್ಕೆ ಮೂರು ದಿನ ಮಾತ್ರ ಕ್ಲಾಸು, ಆರಾಮ" ಅಂದುಕೊಂಡವರು ಇಲ್ಲೇ ಸಿಕ್ಕಿಬೀಳುವುದು.

ರಾಗಿಮುದ್ದೆ_ರಾಯ
ಇನ್ನೊಂದು ಸೇರಿಸಿ ಗುರು. ಆ ವರ್ಷದ ಅಂಕ ಡಿಗ್ರಿ ಕ್ಲಾಸಿಗೆ ಲೆಕ್ಕಕ್ಕೇ ಬರಲ್ಲ. ಪಾಸಾದ್ರೆ ಸಾಕು.

ಕಪ್ಪುಕೋಟು
"ಪಾಸಾದ್ರೆ ಸಾಕು" ಅನ್ನೋದು ಅರ್ಧ ಸತ್ಯ. ಪಾಸ್ ಅಂಕ ಸಾಮಾನ್ಯವಾಗಿ 40. ಆದರೆ ಎಲ್‌ಎಲ್‌ಬಿಗೆ ದಾಟಲು ಕೆಲವು ಕಡೆ 50, ಕೆಲವು ಕಡೆ ಅದಕ್ಕಿಂತ ಹೆಚ್ಚು ಕೇಳುತ್ತಾರೆ. ಕೆಲವು ಕಡೆ ಒಟ್ಟು ಸರಾಸರಿ ನೋಡಿದರೆ, ಇನ್ನು ಕೆಲವು ಕಡೆ ಲಾ ಮಾಡ್ಯೂಲಿನಲ್ಲೇ ಇಷ್ಟು ಬರಬೇಕು ಅಂತ ಇರುತ್ತದೆ. ಮರುಪರೀಕ್ಷೆ ಬರೆದರೆ ಅಂಕ 40ಕ್ಕೇ ಕಟ್ಟಿಹಾಕುವುದು ಸಾಮಾನ್ಯ ಪದ್ಧತಿ. ಈಗ ಎರಡನ್ನೂ ಸೇರಿಸಿ ನೋಡಿ. ಲಾ ಮಾಡ್ಯೂಲಿನಲ್ಲಿ 50 ಬೇಕು, ಮೊದಲ ಸಲ ಫೇಲ್, ಮರುಪರೀಕ್ಷೆಯಲ್ಲಿ 65ಕ್ಕೆ ಬರೆದರೂ ದಾಖಲೆಗೆ ಬರುವುದು 40. ಪಾಸ್ ಆದಳು, ಆದರೆ ದಾಟಲಿಲ್ಲ.

ಸವದತ್ತಿ_ಸೆಕ್ಷನ್
ಅಲ್ರೀ, ಇದರಾಗ ಇನ್ನೊಂದು ಮರ್ಮ ಐತಿ. ಫೌಂಡೇಶನ್ ಮುಗಿಸಿ ಕೋರ್ಸ್ ಬಿಟ್ರ ಕೈಯಾಗ ಏನೂ ಉಳಿಯಂಗಿಲ್ಲ. ಎಲ್‌ಎಲ್‌ಬಿ ಮೊದಲ ವರ್ಷ ಮುಗಿಸಿ ಬಿಟ್ರ 120 ಲೆವೆಲ್ 4 ಕ್ರೆಡಿಟ್ ಅಂತ ಸರ್ಟಿಫಿಕೇಟ್ ಆಫ್ ಹೈಯರ್ ಎಜುಕೇಶನ್ ಕೊಡ್ತಾರ. ಫೌಂಡೇಶನ್ ಕ್ರೆಡಿಟ್ ಅದಕ್ಕ ಲೆಕ್ಕ ಇಲ್ಲ. ಬ್ಯಾರೆ ಯೂನಿವರ್ಸಿಟಿಯವರು ಅದನ್ನ ಒಪ್ಪಬೇಕಂತ ನಿಯಮಾನೂ ಇಲ್ಲ. ಅದು ಆ ಒಂದ ಮನೀ ಒಳಗಿನ ಬಾಗಿಲಾ.

ಜೇನುಗೂಡು
ಹಾಗಾದ್ರೆ ಎ-ಲೆವೆಲ್ ಮತ್ತೆ ಬರೆಯೋದೇ ವಾಸಿ ಅಲ್ವಾ? ಅದನ್ನ ಎಲ್ಲ ಯೂನಿವರ್ಸಿಟಿಯೂ ಒಪ್ಪುತ್ತೆ.

ಕಡಲಕರೆ
ಅಷ್ಟು ಸಲೀಸಲ್ಲ ಮಾರಾಯ್ರೆ. ಎ-ಲೆವೆಲ್ ಪರೀಕ್ಷೆ ಉಂಟಲ್ಲ, ಅದು ವರ್ಷಕ್ಕೆ ಒಂದೇ ಸಲ, ಮೇ-ಜೂನ್‌ನಲ್ಲಿ. ಅಂದ್ರೆ ಅಲ್ಲಿಯೂ ಒಂದು ವರ್ಷ ಹೋಗಿಯೇ ಹೋಗ್ತದೆ. ಶಾಲೆ ಬಿಟ್ಟ ಮೇಲೆ ಪ್ರೈವೇಟ್ ಅಭ್ಯರ್ಥಿಯಾಗಿ ಕೂರ್ಲಿಕ್ಕೆ ಪರೀಕ್ಷಾ ಕೇಂದ್ರ ನೀವೇ ಹುಡುಕಬೇಕು, ಫೀಸೂ ನೀವೇ ಕಟ್ಟಬೇಕು, ಸ್ಟೂಡೆಂಟ್ ಲೋನ್ ಇಲ್ಲ. ಸಿ-ಡಿ-ಡಿ ಹೋಗಿ ಬಿ-ಬಿ-ಬಿ ಆಗುವ ಅಂದಾಜು ಇದ್ದರೆ ಮಾತ್ರ ಅದಕ್ಕೆ ಕೈ ಹಾಕಿ. ಬರೀ ಸಿ-ಸಿ-ಸಿ ಆಗ್ಲಿಕ್ಕೆ ಒಂದು ವರ್ಷ ಯಾಕೆ ಬೇಕು?

ಇನ್ನೊಂದು ದಾರಿ ಆಕ್ಸೆಸ್ ಟು ಎಚ್‌ಇ ಡಿಪ್ಲೊಮಾ, ಯೂನಿವರ್ಸಿಟಿಗೆ ಅಣಿಮಾಡುವ ಕೋರ್ಸ್. 60 ಕ್ರೆಡಿಟ್, ಅದರಲ್ಲಿ 45ಕ್ಕೆ ಗ್ರೇಡ್. 45ಕ್ಕೆ 45 ಡಿಸ್ಟಿಂಕ್ಷನ್ ಬಂದ್ರೆ 144 ಯುಕಾಸ್ ಪಾಯಿಂಟ್, ಎಲ್ಲವೂ ಮೆರಿಟ್ ಆದ್ರೆ 96. ಸಾಲ ತೆಗೊಂಡು ಇದನ್ನು ಮಾಡಿ, ಆಮೇಲೆ ಡಿಗ್ರಿ ಮುಗಿಸಿದ್ರೆ ಆಕ್ಸೆಸ್ ಕೋರ್ಸಿನ ಉಳಿದ ಸಾಲ ಮನ್ನಾ. ಒಂದೇ ಯೂನಿವರ್ಸಿಟಿಗೆ ಗಂಟು ಬೀಳುವುದೂ ಇಲ್ಲ. ಆದರೆ ಇದು ಓದು ಬಿಟ್ಟು ಸ್ವಲ್ಪ ಕಾಲ ಆದ, 19 ದಾಟಿದ ಜನರಿಗೆ ಅಂತ ಮಾಡಿದ್ದು.

ತುಂಗಾತೀರ
ಅವಳಿಗೆ ಈಗ 18. ಸಾಲದ ವಿಷಯ ಯಾರಾದರೂ ಹೇಳಿ. ನಾಲ್ಕು ವರ್ಷ ಪೂರ್ತಿ ಫೀಸು ಅಂದರೆ ಅಣ್ಣನಿಗೆ ಎದೆ ಧಸಕ್ ಅನ್ನುತ್ತೆ.

ಲೆಕ್ಕದಪುಸ್ತಕ
ನಾಲ್ಕೂ ವರ್ಷಕ್ಕೆ ಒಂದೇ ಫೀಸು ಅಲ್ಲ. 2025-26ರಿಂದ ಇಂಗ್ಲೆಂಡಿನಲ್ಲಿ ಕ್ಲಾಸ್‌ರೂಮ್ ವಿಷಯಗಳ ಫೌಂಡೇಶನ್ ಇಯರ್‌ಗೆ ಹೋಮ್ ವಿದ್ಯಾರ್ಥಿಗಳಿಂದ (ಅಲ್ಲೇ ನೆಲೆಸಿದವರಿಂದ) ಗರಿಷ್ಠ 5,760 ಪೌಂಡ್ ಮಾತ್ರ ತಗೋಬಹುದು. ಲಾ ಆ ಗುಂಪಿನಲ್ಲಿದೆ. ಲ್ಯಾಬ್ ಬೇಕಾಗುವ ವಿಷಯಗಳಿಗೆ ಮತ್ತು ಡಿಗ್ರಿ ವರ್ಷಗಳಿಗೆ ಅದೇ ಸಾಲಿನ ಮಿತಿ 9,535. ಮೊದಲು ಎರಡಕ್ಕೂ ಒಂದೇ ಮಿತಿ ಇತ್ತು. "ದುಡ್ಡು ಕೀಳುವ ದಾರಿ" ಅನ್ನುವ ಮಾತು ಆಗ ಹುಟ್ಟಿದ್ದು, ಈಗ ಅದರ ಅರ್ಧ ಬಿಸಿ ಆರಿದೆ.

ಸಾಲಕ್ಕೆ ನೋಡಬೇಕಾದ್ದು ಒಂದೇ: ಫೌಂಡೇಶನ್ ಇಯರ್ ಡಿಗ್ರಿಯ ಒಳಗೇ ಸೇರಿದ ನಾಲ್ಕು ವರ್ಷದ ಕೋರ್ಸಾ, ಅಥವಾ ಬೇರೆಯೇ ನಿಂತ ಕೋರ್ಸಾ? ಒಳಗೆ ಸೇರಿದ್ದರೆ ಫೀಸ್ ಸಾಲ, ಜೀವನವೆಚ್ಚದ ಸಾಲ ಎರಡೂ ನಾಲ್ಕೂ ವರ್ಷಕ್ಕೆ ಸಿಗುತ್ತೆ. ಈಗಿನ ಸೂತ್ರ "ಕೋರ್ಸಿನ ಅವಧಿ, ಜೊತೆಗೆ ಒಂದು ವರ್ಷ, ಅದರಿಂದ ಹಿಂದೆ ಓದಿದ ವರ್ಷ ಕಳೆಯಿರಿ." ಒಂದು ಯೂನಿವರ್ಸಿಟಿಯಲ್ಲಿ ಫೌಂಡೇಶನ್ ಮಾಡಿ ಬಿಟ್ಟು ಇನ್ನೊಂದು ಕಡೆ ಮತ್ತೆ ಫೌಂಡೇಶನ್‌ಗೆ ಸೇರಿದರೆ ಆ ಹೆಚ್ಚುವರಿ ವರ್ಷ ಅಲ್ಲೇ ಕರಗಿತು. ಆಮೇಲೆ ಎಲ್‌ಎಲ್‌ಬಿಯಲ್ಲಿ ಒಂದು ವರ್ಷ ಮತ್ತೆ ಓದಬೇಕಾಗಿ ಬಂದರೆ ಫೀಸು ಕೈಯಿಂದ.

ರಾಗಿಮುದ್ದೆ_ರಾಯ
ನನ್ನ ವಾದ ಇಷ್ಟೇ. ಸಾಲಿಸಿಟರ್ (ಕಕ್ಷಿದಾರರಿಗೆ ಸಲಹೆ ಕೊಟ್ಟು ಕಾಗದಪತ್ರ ನೋಡೋ ವಕೀಲ) ಆಗೋಕೆ ಈಗ ಎಲ್‌ಎಲ್‌ಬಿನೇ ಬೇಡ. ಎಸ್‌ಕ್ಯುಇ (ಸಾಲಿಸಿಟರ್ ಅರ್ಹತಾ ಪರೀಕ್ಷೆ) ಬಂದ ಮೇಲೆ ಯಾವ ಡಿಗ್ರಿ ಆದ್ರೂ ನಡೆಯುತ್ತೆ. ಸಿ-ಡಿ-ಡಿಗೆ ನೇರ ಸೀಟು ಕೊಡೋ ಬೇರೆ ವಿಷಯ ಹಿಡಿದು ಮೂರು ವರ್ಷದಲ್ಲಿ ಮುಗಿಸಲಿ. ಒಂದು ವರ್ಷ ಉಳೀತು.

ಕಪ್ಪುಕೋಟು
ನಿಯಮದ ಪ್ರಕಾರ ಸರಿ. 2021ರ ಸೆಪ್ಟೆಂಬರ್ 1ರಿಂದ ಸಾಲಿಸಿಟರ್ ದಾರಿ ಹೀಗಿದೆ: ಯಾವುದಾದರೂ ಡಿಗ್ರಿ ಅಥವಾ ಅದಕ್ಕೆ ಸಮನಾದದ್ದು, ಎಸ್‌ಕ್ಯುಇ ಎರಡು ಹಂತ, ಎರಡು ವರ್ಷದ ಅರ್ಹ ಕೆಲಸದ ಅನುಭವ, ನಡತೆಯ ಪರಿಶೀಲನೆ. ಆದರೆ ಎಸ್‌ಕ್ಯುಇ ಮೊದಲ ಹಂತದಲ್ಲಿ ಎರಡು ಪೇಪರ್, ಒಂದೊಂದರಲ್ಲಿ 180 ಪ್ರಶ್ನೆ. ಕಾಂಟ್ರಾಕ್ಟ್, ಟಾರ್ಟ್, ಲ್ಯಾಂಡ್, ಟ್ರಸ್ಟ್, ಕ್ರಿಮಿನಲ್, ಜೊತೆಗೆ ವಿಲ್ಸ್, ಸಾಲಿಸಿಟರ್ ಅಕೌಂಟ್ಸ್ ಎಲ್ಲವೂ ಇವೆ. ಲಾ ಓದದವರು ಇದಕ್ಕೆ ಸಾಮಾನ್ಯವಾಗಿ ಒಂದು ಕನ್ವರ್ಶನ್ ಕೋರ್ಸ್ (ಬೇರೆ ಡಿಗ್ರಿಯವರಿಗೆ ಲಾ ಬುನಾದಿ ಕಲಿಸುವುದು) ಮಾಡಿಕೊಂಡೇ ಕೂರುತ್ತಾರೆ. ಆ ಕಡೆ ಉಳಿಸಿದ ವರ್ಷ ಈ ಕಡೆ ಹೋಯಿತು.

ಬ್ಯಾರಿಸ್ಟರ್ (ಕೋರ್ಟಿನಲ್ಲಿ ವಾದಿಸುವ ವಕೀಲ) ಆಗಬೇಕು ಅಂದರೆ ಇನ್ನೂ ಬಿಗಿ. ಲಾ ಡಿಗ್ರಿ ಇಲ್ಲದಿದ್ದರೆ ಕನ್ವರ್ಶನ್ ಡಿಪ್ಲೊಮಾ ಕಡ್ಡಾಯ. ಲಾ ಡಿಗ್ರಿ ಇದ್ದರೂ ಅದರಲ್ಲಿ ಏಳು ಬುನಾದಿ ವಿಷಯ ಇರಬೇಕು, ಕನಿಷ್ಠ 2:2 (ಎರಡನೇ ದರ್ಜೆಯ ಕೆಳಹಂತ) ಬಂದಿರಬೇಕು. ಎಸ್‌ಕ್ಯುಇ ಬಂದ ಮೇಲೆ ಕೆಲವು ಎಲ್‌ಎಲ್‌ಬಿಗಳ ಸ್ವರೂಪ ಬದಲಾಗಿದೆ. ಏಳೂ ವಿಷಯ ಇವೆಯಾ ಅಂತ ಸೇರುವ ಮೊದಲೇ ಕೇಳಿ.

ಸವದತ್ತಿ_ಸೆಕ್ಷನ್
ಸೇರೋ ಮೊದಲು ಈ ಪ್ರಶ್ನೆ ಇಮೇಲ್‌ನಾಗ ಬರೆದು ಕೇಳ್ರಿ, ಫೋನ್‌ನಾಗ ಬ್ಯಾಡ, ಬರಹದಾಗ ಉತ್ತರ ಇರಬೇಕು.

ಎಲ್‌ಎಲ್‌ಬಿಗೆ ದಾಟಾಕ ಎಷ್ಟು ಅಂಕ, ಒಟ್ಟಿಗಾ ಒಂದೊಂದು ಮಾಡ್ಯೂಲಿಗಾ? ಮರುಪರೀಕ್ಷೆ ಅಂಕ ಆ ಮಿತಿಗೆ ಲೆಕ್ಕಕ್ಕ ಹಿಡೀತಾರೋ ಇಲ್ಲೋ? ಫೇಲಾದ ಮಾಡ್ಯೂಲ್ ಮುಂದಿನ ವರ್ಷಕ್ಕ ಒಯ್ಯಬಹುದೋ? ಲಾ ಬಿಟ್ಟು ಕ್ರಿಮಿನಾಲಜಿ, ಪಾಲಿಟಿಕ್ಸ್ ಕಡೆ ಹೊರಳಾಕ ಬರ್ತೈತೋ? ಕಲಿಸೋರು ಲಾ ಸ್ಕೂಲಿನವರೋ, ಇಲ್ಲಾ ಯೂನಿವರ್ಸಿಟಿ ಹೆಸರಿನಾಗ ಪಾಠ ಮಾಡೋ ಬ್ಯಾರೆ ಕಾಲೇಜೋ? ಈ ಕಡೇ ಪ್ರಶ್ನೆ ಸಣ್ಣದಲ್ರೀ. ಇಂಥ ಫ್ರಾಂಚೈಸ್ ಕಾಲೇಜುಗಳ ಬಗ್ಗೆ ಬ್ರಿಟನ್ನಿನ ನ್ಯಾಷನಲ್ ಆಡಿಟ್ ಆಫೀಸೇ 2024ರ ಜನವರಿಯಾಗ ವರದಿ ಕೊಟ್ಟೈತಿ, ಸ್ಟೂಡೆಂಟ್ ಲೋನ್ ದುರುಪಯೋಗದ ಬಗ್ಗೆ.

ಜೇನುಗೂಡು
ಆಕ್ಸ್‌ಫರ್ಡ್‌ನಲ್ಲೂ ಫೌಂಡೇಶನ್ ಇಯರ್ ಇದೆ, ಲಾಗೂ ಇದೆ, ಪೂರ್ತಿ ಉಚಿತ. ಅದಕ್ಕೆ ಯಾಕೆ ಹಾಕಬಾರದು?

ಕಡಲಕರೆ
ಅದು ಬೇರೆ ಜಾತಿ. ಆಸ್ಟ್ರೋಫೋರಿಯಾ ಅಂತ ಹೆಸರು, 2023ರಲ್ಲಿ ಮೊದಲ ತಂಡ ಸೇರಿತು. ಕಷ್ಟದ ಹಿನ್ನೆಲೆಯಿಂದ, ಸರ್ಕಾರಿ ಶಾಲೆಯಿಂದ ಬಂದ ಬ್ರಿಟನ್ ವಿದ್ಯಾರ್ಥಿಗಳಿಗೆ ಮಾತ್ರ. ಅದಕ್ಕೂ ಬಿ-ಬಿ-ಬಿ ಬೇಕು. ಸಿ-ಡಿ-ಡಿಗೆ ಆ ಬಾಗಿಲು ತೆರೆಯುವುದಿಲ್ಲ.

ಅಡಿಟಿಪ್ಪಣಿ
ಫೀಸು, ಸಾಲ, ನಿಯಮ ಎಲ್ಲ ಆಯಿತು. ಕಲಿಯುವ ವಿಷಯಕ್ಕೆ ಯಾರೂ ಬರಲೇ ಇಲ್ಲ. ತುಂಗಾತೀರ ಅವರೇ, ಈ ವರ್ಷದ ಸಾರ್ಥಕತೆ ಇರುವುದು ಎಷ್ಟು ಕಾನೂನು ಗೊತ್ತಾಯಿತು ಅನ್ನುವುದರಲ್ಲಿ ಅಲ್ಲ. ಗೊತ್ತಿರುವ ಎರಡೇ ನಿಯಮವನ್ನು ಎದುರಿಗಿರುವ ಸಂಗತಿಗೆ ಹಚ್ಚಿ ಬರೆಯಲು ಬರುತ್ತದೆಯೇ ಅನ್ನುವುದರಲ್ಲಿ. ಮಾಡ್ಯೂಲುಗಳ ಹೆಸರು ಏನೇ ಇರಲಿ (ಇಂಗ್ಲಿಷ್ ಲೀಗಲ್ ಸಿಸ್ಟಮ್, ಅಕಡೆಮಿಕ್ ಸ್ಕಿಲ್ಸ್, ಕ್ರಿಟಿಕಲ್ ಥಿಂಕಿಂಗ್, ಕೊನೆಗೊಂದು ಸಣ್ಣ ಪ್ರಾಜೆಕ್ಟ್), ಅಂಕ ಕಳೆಯುವುದು ಇಲ್ಲೇ.

ಒಂದು ಪ್ರಾಬ್ಲಮ್ ಕ್ವೆಶ್ಚನ್ (ಒಂದು ಸನ್ನಿವೇಶ ಕೊಟ್ಟು ಕಾನೂನು ಹಚ್ಚಲು ಕೇಳುವ ಪ್ರಶ್ನೆ) ತೆಗೆದುಕೊಳ್ಳೋಣ. ಅಂಗಡಿಯ ಕಿಟಕಿಯಲ್ಲಿ ಕ್ಯಾಮೆರಾ ಇದೆ, 50 ಪೌಂಡ್ ಅಂತ ಚೀಟಿ. ಗಿರಾಕಿ ಒಳಗೆ ಹೋಗಿ 50 ಪೌಂಡ್ ಚಾಚುತ್ತಾನೆ. ಅಂಗಡಿಯವನು "ಒಂದು ಸೊನ್ನೆ ಬಿಟ್ಟುಹೋಗಿದೆ, ಅದು 500" ಅನ್ನುತ್ತಾನೆ. ಒಪ್ಪಂದ ಆಗಿದೆಯೇ?

40ರ ಆಸುಪಾಸಿನ ಉತ್ತರ ಹೀಗೆ ಶುರುವಾಗುತ್ತದೆ: "ಒಪ್ಪಂದ ಕಾನೂನು ಬಹಳ ಮಹತ್ವದ ಶಾಖೆ. ಒಪ್ಪಂದಕ್ಕೆ ಆಫರ್ (ಪ್ರಸ್ತಾಪ), ಅಕ್ಸೆಪ್ಟೆನ್ಸ್ (ಒಪ್ಪಿಗೆ), ಕನ್ಸಿಡರೇಶನ್ (ಪ್ರತಿಫಲ), ಇಂಟೆನ್ಶನ್ (ಬದ್ಧರಾಗುವ ಉದ್ದೇಶ) ಬೇಕು." ಆಮೇಲೆ ನಾಲ್ಕಕ್ಕೂ ಒಂದೊಂದು ಪ್ಯಾರಾ, ಒಂದೊಂದು ಕೇಸಿನ ಕಥೆ. ಕ್ಯಾಮೆರಾ ಬರುವುದು ಕೊನೆಯ ಎರಡು ಸಾಲಿನಲ್ಲಿ.

65ರ ಉತ್ತರ ಕ್ಯಾಮೆರಾದಿಂದಲೇ ಶುರು. ಕಿಟಕಿಯ ಚೀಟಿ ಆಫರೋ, ವ್ಯಾಪಾರಕ್ಕೆ ಬರೀ ಆಹ್ವಾನವೋ? ಇದು ಪ್ರಶ್ನೆ. ಬೆಲೆ ಹಚ್ಚಿ ಕಿಟಕಿಯಲ್ಲಿಟ್ಟ ವಸ್ತು ಆಹ್ವಾನ ಮಾತ್ರ ಅಂತ ಫಿಶರ್ ವರ್ಸಸ್ ಬೆಲ್. ಇದು ನಿಯಮ. ಇಲ್ಲಿಯೂ ವಸ್ತು ಕಿಟಕಿಯಲ್ಲಿದೆ, ಬೆಲೆ ಬಿಟ್ಟು ಬೇರೆ ಮಾತಿಲ್ಲ. ಹಾಗಾಗಿ 50 ಪೌಂಡ್ ಚಾಚಿದ್ದು ಗಿರಾಕಿಯ ಆಫರ್, ಅಂಗಡಿಯವನು ಅದನ್ನು ಒಪ್ಪಿಲ್ಲ. ಇದು ಹಚ್ಚುವಿಕೆ. ಒಪ್ಪಂದವಿಲ್ಲ. ಇದು ತೀರ್ಮಾನ. ಇಷ್ಟನ್ನೇ ಅಲ್ಲಿ ಐರ್ಯಾಕ್ (ಇಶ್ಯೂ, ರೂಲ್, ಅಪ್ಲಿಕೇಶನ್, ಕನ್‌ಕ್ಲೂಶನ್) ಅನ್ನುತ್ತಾರೆ.

70 ದಾಟುವವರು ಇನ್ನೊಂದು ವಾಕ್ಯ ಬರೆಯುತ್ತಾರೆ. ಚೀಟಿಯ ಮೇಲೆ "ಮೊದಲು ಬಂದ ಮೂವರಿಗೆ ಖಂಡಿತ 50ಕ್ಕೆ" ಅಂತ ಇದ್ದಿದ್ದರೆ? ಆಗ ವಾದ ಕಾರ್ಲಿಲ್ ಕೇಸಿನ ಕಡೆ ವಾಲುತ್ತದೆ. ಅಲ್ಲಿ ಕಂಪನಿ ಜಾಹೀರಾತಿನಲ್ಲಿ 100 ಪೌಂಡ್ ಕೊಡುತ್ತೇವೆ ಅಂದಿದ್ದಲ್ಲದೆ, ಮಾತಿನ ಗಟ್ಟಿತನಕ್ಕೆ 1,000 ಪೌಂಡ್ ಬ್ಯಾಂಕಿನಲ್ಲಿಟ್ಟಿದ್ದೇವೆ ಅಂತಲೂ ಬರೆದಿತ್ತು. ಅದಕ್ಕೇ ಅದು ಆಫರ್ ಆಯಿತು.

ಸವದತ್ತಿ_ಸೆಕ್ಷನ್
ಚಲೋ ಬರದೀರಿ. ಒಂದ ತಿದ್ದುಪಡಿ: ಫಿಶರ್ ವರ್ಸಸ್ ಬೆಲ್ ಒಪ್ಪಂದದ ವ್ಯಾಜ್ಯ ಅಲ್ರೀ, ಅದು ಕ್ರಿಮಿನಲ್ ಕೇಸು. ಅಂಗಡಿಯಾಂವ ಕಿಟಕಿಯಾಗ ಫ್ಲಿಕ್ ನೈಫ್ (ಗುಂಡಿ ಒತ್ತಿದ್ರ ತೆರಕೊಳ್ಳೋ ಚಾಕು) ಇಟ್ಟಿದ್ದ, 1959ರ ಕಾಯ್ದೆ ಪ್ರಕಾರ "ಮಾರಾಟಕ್ಕ ಆಫರ್" ಮಾಡೋದು ಅಪರಾಧ. ಕೋರ್ಟು "ಆಫರ್ ಅನ್ನೋದಕ್ಕ ಒಪ್ಪಂದ ಕಾನೂನಿನಾಗ ಏನ್ ಅರ್ಥ ಐತೋ ಅದ" ಅಂತ ಬಿಟ್ಟುಬಿಡ್ತು. ಅದಕ್ಕ ಇದು ಎರಡು ಕಡೆ ಉಪಯೋಗಕ್ಕ ಬರ್ತೈತಿ: ಕಾಂಟ್ರಾಕ್ಟ್‌ನಾಗೂ, ಕಾಯ್ದೆ ಮಾತನ್ನ ಅಕ್ಷರಶಃ ಅರ್ಥ ಮಾಡೋ ಲಿಟರಲ್ ರೂಲ್‌ಗೂ.

ಹುಣಸೆಮರ
ಲಾ ಅಂದ್ರೆ ಎಲ್ಲರೂ ಹೇಳೋ ಆ ಬಸವನಹುಳು ಕೇಸು ಫೌಂಡೇಶನ್‌ನಲ್ಲಿ ಬರುತ್ತಾ? ಜಿಂಜರ್ ಬಿಯರ್ ಬಾಟಲಿಯಲ್ಲಿ ಹುಳು ಸಿಕ್ಕಿ ಇಂಗ್ಲೆಂಡಿನ ಹೆಂಗಸು ಗೆದ್ದಳಲ್ಲ ಅದು.

ಅಡಿಟಿಪ್ಪಣಿ
ಬರುತ್ತದೆ, ಬಹುಶಃ ಮೊದಲ ತಿಂಗಳಲ್ಲೇ. ಡೊನೊಹ್ಯೂ ವರ್ಸಸ್ ಸ್ಟೀವನ್‌ಸನ್ ಅಂತ ಹೆಸರು. ಆದರೆ ಇಂಗ್ಲೆಂಡ್ ಅಲ್ಲ, ಸ್ಕಾಟ್ಲೆಂಡಿನ ಪೇಸ್ಲಿ. 1928ರ ಘಟನೆ, 1932ರಲ್ಲಿ ಹೌಸ್ ಆಫ್ ಲಾರ್ಡ್ಸ್ (ಆಗಿನ ಅತ್ಯುನ್ನತ ಕೋರ್ಟು) ತೀರ್ಪು, 3-2 ಬಹುಮತ. ಬಾಟಲಿಯಲ್ಲಿ ಹುಳು ಇತ್ತು ಅಂತ ಸಾಬೀತೇ ಆಗಲಿಲ್ಲ! "ಇದ್ದಿದ್ದರೆ ತಯಾರಕನ ಹೊಣೆ ಉಂಟೇ" ಅನ್ನುವ ಕಾನೂನಿನ ಪ್ರಶ್ನೆ ಮಾತ್ರ ತೀರ್ಮಾನವಾಯಿತು. ವಿಚಾರಣೆಗೆ ಮೊದಲೇ ತಯಾರಕ ತೀರಿಕೊಂಡ, ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. "ಹುಳು ಸಿಕ್ಕಿತು, ಅವಳು ಗೆದ್ದಳು" ಅಂತ ಪ್ರಬಂಧದಲ್ಲಿ ಬರೆದರೆ, ತೀರ್ಪು ಓದದೆ ಬರೆದಿದ್ದಾರೆ ಅಂತ ಪರೀಕ್ಷಕರಿಗೆ ಅಲ್ಲೇ ಗೊತ್ತಾಗುತ್ತದೆ.

ರಾಗಿಮುದ್ದೆ_ರಾಯ
ತೀರ್ಪು ಯಾರು ಓದ್ತಾರೆ ಗುರು, ನೂರು ಪುಟ ಇರುತ್ತೆ. ಆನ್‌ಲೈನ್ ನೋಟ್ಸ್ ಸಾಕು.

ಅಡಿಟಿಪ್ಪಣಿ
ನೋಟ್ಸ್ ನಂಬಿದವರು ಎಲ್ಲಿ ಬೀಳುತ್ತಾರೆ ಅಂತ ಹೇಳುತ್ತೇನೆ. ಕಳ್ಳತನದಲ್ಲಿ "ಅಪ್ರಾಮಾಣಿಕತೆ" ಅಳೆಯಲು 1982ರಿಂದ ಘೋಷ್ ಪರೀಕ್ಷೆ ಇತ್ತು. 2017ರಲ್ಲಿ ಸುಪ್ರೀಂ ಕೋರ್ಟ್ ಐವಿ ವರ್ಸಸ್ ಜೆಂಟಿಂಗ್‌ನಲ್ಲಿ ಅದನ್ನು ಕೈಬಿಡುವ ಮಾತಾಡಿತು. 2020ರಲ್ಲಿ ಬಾರ್ಟನ್ ಮತ್ತು ಬೂತ್ ಪ್ರಕರಣದಲ್ಲಿ ಅಪೀಲು ನ್ಯಾಯಾಲಯ "ಇನ್ನು ಕ್ರಿಮಿನಲ್ ಕೇಸಿಗೂ ಐವಿಯೇ" ಅಂತ ಖಚಿತಪಡಿಸಿತು. ಹಳೇ ನೋಟ್ಸುಗಳಲ್ಲಿ ಇವತ್ತಿಗೂ ಘೋಷ್ ಮೆರೆಯುತ್ತಿದೆ. ಅದನ್ನೇ ಇಳಿಸಿಕೊಂಡ ಉತ್ತರದಲ್ಲಿ ನಿಯಮವೇ ತಪ್ಪು, ಆಮೇಲೆ ಎಷ್ಟು ಚೆನ್ನಾಗಿ ಹಚ್ಚಿದರೂ ಪ್ರಯೋಜನವಿಲ್ಲ.

ತೀರ್ಪನ್ನು ಕಥೆಯಂತೆ ಮೊದಲಿಂದ ಕೊನೆಗೆ ಓದಬೇಕಿಲ್ಲ. ಮೊದಲು ಯಾವ ಕೋರ್ಟು, ಯಾವ ವರ್ಷ. ಆಮೇಲೆ ಹೆಡ್‌ನೋಟ್ (ತೀರ್ಪಿನ ತಲೆಯಲ್ಲಿರುವ ಸಾರಾಂಶ), ಅದು ಇಲ್ಲದಿದ್ದರೆ ಸುಪ್ರೀಂ ಕೋರ್ಟಿನ ಪ್ರೆಸ್ ಸಮ್ಮರಿ. ಅಲ್ಲಿಂದ "ಕೋರ್ಟಿನ ಮುಂದಿದ್ದ ಪ್ರಶ್ನೆ" ಇರುವ ಪ್ಯಾರಾಕ್ಕೆ ಹಾರಿ, ಉತ್ತರ ಕೊಟ್ಟ ಪ್ಯಾರಾ ಹುಡುಕಿ. ಆ ಉತ್ತರಕ್ಕೆ ಬೇಕೇಬೇಕಾದ ಕಾರಣ ರೇಶಿಯೋ, ಪಕ್ಕದಲ್ಲಿ ಆಡಿದ ಮಾತು ಒಬಿಟರ್. ಭಿನ್ನಮತ ಇದ್ದರೆ ಅದನ್ನು ಕೊನೆಗೆ ಓದಿ. ಪ್ರಬಂಧಕ್ಕೆ ಟೀಕೆ ಬೇಕಾದಾಗ ಅಲ್ಲೇ ಸಿಗುತ್ತದೆ.

ಜೇನುಗೂಡು
ಇಷ್ಟು ಓದೋ ಬದಲು ಈಗ ಎಐಗೆ ಕೇಳಿದರೆ ಕೇಸು ಪಟ್ಟಿ ಕೊಡುತ್ತಲ್ಲ?

ಕಪ್ಪುಕೋಟು
ಕೊಡುತ್ತೆ, ಇಲ್ಲದ ಕೇಸನ್ನೂ ಕೊಡುತ್ತೆ. 2025ರ ಜೂನ್‌ನಲ್ಲಿ ಲಂಡನ್ ಹೈಕೋರ್ಟ್ ಅಯಿಂಡೆ ಪ್ರಕರಣದಲ್ಲಿ ವಕೀಲರಿಗೇ ಛೀಮಾರಿ ಹಾಕಿತು. ಜೊತೆಗೆ ವಿಚಾರಣೆಗೆ ಬಂದ ಇನ್ನೊಂದು ಪ್ರಕರಣದಲ್ಲಿ ಉಲ್ಲೇಖಿಸಿದ 45 ತೀರ್ಪುಗಳಲ್ಲಿ 18 ಅಸ್ತಿತ್ವದಲ್ಲೇ ಇರಲಿಲ್ಲ. ವಿದ್ಯಾರ್ಥಿಗೆ ಇದು ಅಕಡೆಮಿಕ್ ಮಿಸ್‌ಕಾಂಡಕ್ಟ್. ಗಂಭೀರವಾದರೆ ಮುಂದೆ ವೃತ್ತಿಗೆ ಸೇರುವಾಗ ನಡತೆಯ ಪರಿಶೀಲನೆಯಲ್ಲೂ ಹೇಳಿಕೊಳ್ಳಬೇಕಾಗುತ್ತೆ. ಹೆಸರು ಸಿಕ್ಕಿದ ತಕ್ಷಣ ನ್ಯಾಷನಲ್ ಆರ್ಕೈವ್ಸ್‌ನ ಫೈಂಡ್ ಕೇಸ್ ಲಾ ಅಥವಾ ಬೈಲಿಯಲ್ಲಿ ಹಾಕಿ ನೋಡಿ, ಎರಡೂ ಉಚಿತ. ಸೇರಿದ ಮೇಲೆ ಯೂನಿವರ್ಸಿಟಿ ಲಾಗಿನ್‌ನಿಂದ ವೆಸ್ಟ್‌ಲಾ, ಲೆಕ್ಸಿಸ್ ಸಿಗುತ್ತೆ. ಆ ತೀರ್ಪು ಇನ್ನೂ ಜೀವಂತವಾಗಿದೆಯಾ, ಮುಂದೆ ತಳ್ಳಿಹಾಕಿದ್ದಾರಾ ಅನ್ನೋದು ಅಲ್ಲೇ ಕಾಣುತ್ತೆ.

ಹುಣಸೆಮರ
ಓಸ್ಕೋಲಾ ಅಂತ ಒಂದು ತಲೆನೋವು ಇದೆಯಂತಲ್ಲ?

ಅಡಿಟಿಪ್ಪಣಿ
ನನ್ನ ಹೆಸರಿಗೆ ತಕ್ಕ ಪ್ರಶ್ನೆ. ಅದು ಲಾ ಸ್ಕೂಲುಗಳ ಉಲ್ಲೇಖ ಪದ್ಧತಿ, ಎಲ್ಲವೂ ಅಡಿಟಿಪ್ಪಣಿಯಲ್ಲಿ. ಹೆಚ್ಚಿನವರು ತಪ್ಪುವುದು ಆವರಣದಲ್ಲಿ. ಸಂಪುಟ ಹುಡುಕಲು ವರ್ಷವೇ ಬೇಕಿದ್ದರೆ ಚೌಕ ಆವರಣ: [1932] ಎಸಿ 562. ಸಂಪುಟಗಳಿಗೆ ವರ್ಷದ ಹಂಗಿಲ್ಲದೆ ತಮ್ಮದೇ ಸಾಲು ಸಂಖ್ಯೆ ಇದ್ದರೆ ದುಂಡಾವರಣ: (1884) 14 ಕ್ಯುಬಿಡಿ 273. ಎಸಿ, ಕ್ಯುಬಿಡಿಯಂಥ ಸಂಪುಟದ ಹೆಸರಿನ ಸಂಕ್ಷೇಪಗಳಲ್ಲಿ ಚುಕ್ಕಿ ಇಲ್ಲ. ಕೇಸಿನ ಹೆಸರು ವಾಲು ಅಕ್ಷರದಲ್ಲಿ. ಅಡಿಟಿಪ್ಪಣಿಯ ಸಂಖ್ಯೆ ಪೂರ್ಣವಿರಾಮದ ಆಚೆ. ಉದ್ಧರಿಸಿದ ಮಾತಿದ್ದರೆ ಪ್ಯಾರಾ ಅಥವಾ ಪುಟ ಸಂಖ್ಯೆ ಕಡ್ಡಾಯ. ಇದನ್ನೆಲ್ಲ ಸಲ್ಲಿಸುವ ಹಿಂದಿನ ರಾತ್ರಿಗೆ ಇಟ್ಟುಕೊಂಡರೆ ಯಾವ ಮಾತು ಎಲ್ಲಿಂದ ಬಂತು ಅಂತಲೇ ನೆನಪಿರುವುದಿಲ್ಲ, ಅಲ್ಲಿಂದ ಕೃತಿಚೌರ್ಯದ ಕಗ್ಗಂಟು. ಬರೆಯುತ್ತಾ ಬರೆಯುತ್ತಾ ಹಾಕಿಕೊಳ್ಳಬೇಕು. ಅಡಿಟಿಪ್ಪಣಿ ಪದಮಿತಿಯೊಳಗೆ ಸೇರುತ್ತದೋ ಇಲ್ಲವೋ ಅನ್ನುವುದು ಒಂದೊಂದು ಕಡೆ ಒಂದೊಂದು ಥರ, ಮಾಡ್ಯೂಲ್ ಹ್ಯಾಂಡ್‌ಬುಕ್ ನೋಡಿ.

ಮಾವಿನಕಾಯಿ
ಅಡ್ಡ ಬಂದೆ, ಕ್ಷಮಿಸಿ. ಭಾರತದಿಂದ ಹೋಗುವವರಿಗೂ ಇದೇ ಫೀಸಾ? 5,760 ಅಂದ್ರೆ ಆಗಬಹುದು.

ಲೆಕ್ಕದಪುಸ್ತಕ
ಇಲ್ಲ. ಆ ಮಿತಿ ಹೋಮ್ ವಿದ್ಯಾರ್ಥಿಗಳಿಗೆ ಮಾತ್ರ. ಅಂತರರಾಷ್ಟ್ರೀಯ ಫೀಸಿಗೆ ಕಾನೂನಿನ ಮಿತಿಯೇ ಇಲ್ಲ, ಸ್ಟೂಡೆಂಟ್ ಲೋನೂ ಇಲ್ಲ. ವೀಸಾಕ್ಕೆ ಫೀಸಿನ ಮೇಲೆ ಜೀವನವೆಚ್ಚದ ದುಡ್ಡು ಖಾತೆಯಲ್ಲಿ 28 ದಿನ ಬಿಡದೆ ನಿಂತಿರಬೇಕು. 2025ರ ನವೆಂಬರ್ 11ರಿಂದ ಲಂಡನ್‌ಗೆ ತಿಂಗಳಿಗೆ 1,529 ಪೌಂಡ್, ಹೊರಗೆ 1,171, ಗರಿಷ್ಠ ಒಂಬತ್ತು ತಿಂಗಳಿಗೆ. ಲಂಡನ್ ಆದರೆ 13,761, ಹೊರಗಾದರೆ 10,539. ಒಂದು ದಿನ ಬ್ಯಾಲೆನ್ಸ್ ಕೆಳಗಿಳಿದರೂ ಅರ್ಜಿ ಬೀಳುತ್ತೆ. ಆರೋಗ್ಯ ಸರ್‌ಚಾರ್ಜ್ ವರ್ಷಕ್ಕೆ 776 ಪೌಂಡ್, ವೀಸಾದ ಪೂರ್ತಿ ಅವಧಿಗೆ ಒಟ್ಟಿಗೇ ಮುಂಗಡ ಕಟ್ಟಬೇಕು.

ಕಡಲಕರೆ
ಮತ್ತೆ ಪಾರ್ಟ್‌ಟೈಮ್ ಕೆಲಸ ನಂಬಿ ಹೋಗುವವರು ಇದನ್ನು ಓದಿ. ಡಿಗ್ರಿ ಮಟ್ಟದ ಕೋರ್ಸಿಗೆ ಟರ್ಮ್ ಸಮಯದಲ್ಲಿ ವಾರಕ್ಕೆ 20 ಗಂಟೆ. ಡಿಗ್ರಿಗಿಂತ ಕೆಳಗಿನ ಕೋರ್ಸಿಗೆ 10 ಗಂಟೆ ಮಾತ್ರ. ಪಾಥ್‌ವೇ ಕಾಲೇಜಿನ (ಯೂನಿವರ್ಸಿಟಿಗೆ ಅಣಿಮಾಡುವ ಕಾಲೇಜು) ಬೇರೆ ಫೌಂಡೇಶನ್‌ಗೆ ವೀಸಾ ಆದ್ರೆ 10ರ ಲೆಕ್ಕ ಬರ್ತದೆ. ಮುಂದೆ ಎಲ್‌ಎಲ್‌ಬಿಗೆ ಹೊಸ ಕ್ಯಾಸ್ (ವೀಸಾಕ್ಕೆ ಯೂನಿವರ್ಸಿಟಿ ಕೊಡುವ ಪ್ರವೇಶ ದೃಢೀಕರಣ), ಹೊಸ ವೀಸಾ, ಮತ್ತೆ ಫೀಸು. ಏಜೆಂಟರು ಈ ಮಾತನ್ನು ನುಂಗಿಬಿಡ್ತಾರೆ. ಓದಿದ ಮೇಲೆ ಉಳಿಯುವ ಗ್ರಾಜುಯೇಟ್ ವೀಸಾ ಕೂಡ 2027ರ ಜನವರಿ 1ರಿಂದ ಹಾಕುವ ಅರ್ಜಿಗಳಿಗೆ ಎರಡು ವರ್ಷದಿಂದ 18 ತಿಂಗಳಿಗೆ ಇಳಿದಿದೆ. ಈಗ ನಾಲ್ಕು ವರ್ಷದ ಕೋರ್ಸಿಗೆ ಸೇರುವವರೆಲ್ಲ ಅದರೊಳಗೇ ಬರ್ತಾರೆ.

ಮಾವಿನಕಾಯಿ
ಅಯ್ಯಪ್ಪಾ. ಸರಿ ಬಿಡಿ, ಮೊದಲು ಲೆಕ್ಕ ಹಾಕ್ತೀನಿ.

ತುಂಗಾತೀರ
ಮನೆಯಲ್ಲಿ ಎಲ್ಲರಿಗೂ ಈ ಚರ್ಚೆ ಓದಿಸಿದೆ. ಫೌಂಡೇಶನ್ ಕಡೆಗೇ ತೂಕ ಬೀಳುತ್ತಿದೆ. ಇನ್ನೆರಡು ಪ್ರಶ್ನೆ. ಒಂದು, ಮುಂದೆ ಲಾ ಫರ್ಮ್‌ಗಳು ಫೌಂಡೇಶನ್ ಮಾಡಿದವರನ್ನು ಕೀಳಾಗಿ ನೋಡುತ್ತವಾ? ಎರಡು, ಅರ್ಜಿಯ ಪರ್ಸನಲ್ ಸ್ಟೇಟ್‌ಮೆಂಟ್‌ನಲ್ಲಿ ಕಡಿಮೆ ಅಂಕದ ಬಗ್ಗೆ ಬರೆಯಬೇಕಾ?

ಕಪ್ಪುಕೋಟು
ಒಂದನೆಯದಕ್ಕೆ: ಫೌಂಡೇಶನ್ ಅಂತ ಕೀಳಾಗಿ ನೋಡೋದಕ್ಕಿಂತ, ಅರ್ಜಿ ಫಾರಂನಲ್ಲಿ ಎ-ಲೆವೆಲ್ ಅಂಕ ಕೇಳುವ ಫರ್ಮ್‌ಗಳು ಇನ್ನೂ ಇವೆ. ಫೌಂಡೇಶನ್ ಇಯರ್ ಆ ಸಿ-ಡಿ-ಡಿಯನ್ನ ಅಳಿಸಲ್ಲ. ಹಿನ್ನೆಲೆ ನೋಡಿ ಅಂಕ ತೂಗುವ ಪದ್ಧತಿ ಇಟ್ಟುಕೊಂಡ ಫರ್ಮ್‌ಗಳೂ ಸಾಕಷ್ಟಿವೆ, ಅರ್ಜಿ ಅಲ್ಲಿಗೇ ಹೆಚ್ಚು ಹಾಕಲಿ. ಇನ್ನೊಂದು ಮಾತು ಯಾರೂ ಮೊದಲೇ ಹೇಳಲ್ಲ. ವೆಕೇಶನ್ ಸ್ಕೀಮ್ (ರಜೆಯಲ್ಲಿ ಫರ್ಮ್‌ಗಳು ಕೊಡುವ ಕೆಲಸದ ಅನುಭವ) ಅರ್ಜಿ ಎಲ್‌ಎಲ್‌ಬಿ ಎರಡನೇ ವರ್ಷದಲ್ಲಿ ಬರುತ್ತೆ. ಆಗ ಕೈಯಲ್ಲಿರೋದು ಮೊದಲ ವರ್ಷದ ಅಂಕ ಮಾತ್ರ, ಅದನ್ನ ಮಾಡ್ಯೂಲ್‌ವಾರು ಕೇಳ್ತಾರೆ. "ಮೊದಲ ವರ್ಷ ಲೆಕ್ಕಕ್ಕಿಲ್ಲ" ಅಂತ ಸೀನಿಯರ್‌ಗಳು ಹೇಳೋದನ್ನ ನಂಬಬೇಡಿ. ಫೌಂಡೇಶನ್‌ನಲ್ಲಿ ಬರವಣಿಗೆ ಕೈಗೆ ಹತ್ತಿದವರಿಗೆ ಅನುಕೂಲ ಸಿಗೋದು ಸರಿಯಾಗಿ ಅಲ್ಲಿ.

ಕಡಲಕರೆ
ಎರಡನೆಯದಕ್ಕೆ: 2026ರ ಪ್ರವೇಶದಿಂದ ಯುಕಾಸ್ ಹಳೇ ಒಂದೇ ಪ್ರಬಂಧದ ಪದ್ಧತಿ ಬಿಟ್ಟಿದೆ. ಈಗ ಮೂರು ಪ್ರಶ್ನೆ. ಈ ವಿಷಯ ಯಾಕೆ, ಓದು ಹೇಗೆ ಅಣಿಗೊಳಿಸಿದೆ, ಓದಿನ ಹೊರಗೆ ಏನು ಮಾಡಿದ್ದೀರಿ. ಒಂದೊಂದಕ್ಕೂ ಕನಿಷ್ಠ 350 ಅಕ್ಷರ, ಒಟ್ಟು 4,000, ಖಾಲಿ ಜಾಗವೂ ಸೇರಿ. ಕಡಿಮೆ ಅಂಕಕ್ಕೆ ಕಾಯಿಲೆಯಂಥ ಕಾರಣ ಇದ್ದರೆ ಅದನ್ನು ಶಾಲೆಯವರ ರೆಫರೆನ್ಸ್‌ನಲ್ಲಿ ಹೇಳಿಸಿ, ಇಲ್ಲಿ ಅಳುವುದು ಬೇಡ. "ಚಿಕ್ಕಂದಿನಿಂದ ನ್ಯಾಯದ ಮೇಲೆ ಪ್ರೀತಿ" ಅಂತಲೂ ಬೇಡ. ಹತ್ತಿರದ ಮ್ಯಾಜಿಸ್ಟ್ರೇಟ್ ಕೋರ್ಟಿನ ಸಾರ್ವಜನಿಕ ಗ್ಯಾಲರಿಯಲ್ಲಿ ಒಂದು ಬೆಳಿಗ್ಗೆ ಕೂತು, ಕಂಡ ಒಂದು ಸಂಗತಿ, ಅದರಿಂದ ಎದ್ದ ಒಂದು ಪ್ರಶ್ನೆ ಬರೆದರೆ ಸಾಕು. 2026ಕ್ಕೆ ಸಮಾನ ಪರಿಗಣನೆಯ ಕೊನೇ ದಿನ ಜನವರಿ 14. ಐದು ಆಯ್ಕೆ ಉಂಟು. ನಾಲ್ಕು ವರ್ಷದ ಕೋರ್ಸಿಗೆ ಬೇರೆಯೇ ಕೋಡ್ ಇರ್ತದೆ, ಅವಸರದಲ್ಲಿ ಮೂರು ವರ್ಷದ ಎಲ್‌ಎಲ್‌ಬಿ ಕೋಡ್ ಒತ್ತಬೇಡಿ.

ಸವದತ್ತಿ_ಸೆಕ್ಷನ್
ಸೇರೋ ಮೊದಲಿನ ಓದಿಗೆ ದಪ್ಪ ಪುಸ್ತಕ ಕೊಳ್ಳಬ್ಯಾಡ್ರಿ. ಲೆಜಿಸ್ಲೇಶನ್ ಡಾಟ್ ಗವ್ ಡಾಟ್ ಯುಕೆ ತೆಗೆದು ಥೆಫ್ಟ್ ಆಕ್ಟ್ 1968ರ ಸೆಕ್ಷನ್ 1 ನೋಡ್ಲಿ. ಒಂದ ವಾಕ್ಯ. ಅದನ್ನ ಐದು ತುಂಡು ಮಾಡ್ಲಿ: ಅಪ್ರಾಮಾಣಿಕತೆ, ವಶಪಡಿಸಿಕೊಳ್ಳೋದು, ಸ್ವತ್ತು, ಇನ್ನೊಬ್ಬರದು, ಕಾಯಂ ಕಳೆಯೋ ಉದ್ದೇಶ. ಸೆಕ್ಷನ್ 2ರಿಂದ 6 ಅಂದ್ರ ಈ ಒಂದೊಂದು ತುಂಡಿನ ವಿವರಣೆ. ಆಮೇಲೆ ಗೆಳೆಯನ ಸೈಕಲ್ ಕೇಳದ ಒಯ್ದು ಸಂಜಿಗೆ ತಂದಿಟ್ರ ಕಳ್ಳತನಾನೋ ಅಲ್ಲೋ ಅಂತ 300 ಪದದಾಗ ಬರೀಲಿ. ಎಲ್ಲಾ ತುಂಡು ಕೂಡಿದ್ರೂ ಕಡೇದು ಕೂಡಂಗಿಲ್ಲ, ಅದಕ್ಕ ಕಳ್ಳತನ ಆಗಂಗಿಲ್ಲ. ಹೊಸಬ್ರು ಮೊದಲನೇ ತುಂಡಿನಾಗ 250 ಪದ ಸುರದು ಕಡೇದಕ್ಕ ಜಾಗಾನ ಉಳಿಸಿರಂಗಿಲ್ಲ.

ಅಡಿಟಿಪ್ಪಣಿ
ಸೆಕ್ಷನ್ 6 ಮರೆಯಬಾರದು. ಎರವಲು ಒಯ್ದದ್ದೂ ಅವಧಿ ಮತ್ತು ರೀತಿಯಲ್ಲಿ ಪೂರ್ತಿ ಕಸಿದುಕೊಂಡಂತೆಯೇ ಇದ್ದರೆ ಕಾಯಂ ಉದ್ದೇಶ ಅನ್ನಿಸಿಕೊಳ್ಳುತ್ತದೆ. ಸಂಜೆಗೆ ತಂದಿಟ್ಟ ಸೈಕಲ್‌ಗೆ ಅದು ಹೊಂದುವುದಿಲ್ಲ, ಆದರೆ "ಯಾಕೆ ಹೊಂದುವುದಿಲ್ಲ" ಅಂತ ಒಂದು ವಾಕ್ಯ ಬರೆದೇ ಮುಂದೆ ಹೋಗಬೇಕು.

ತೀರ್ಪು ಓದುವ ಅಭ್ಯಾಸಕ್ಕೆ 2019ರ ಮಿಲ್ಲರ್ ವರ್ಸಸ್ ಪ್ರಧಾನಿ ಪ್ರಕರಣ ಒಳ್ಳೆಯದು. ಪಾರ್ಲಿಮೆಂಟ್ ಅಮಾನತು ಮಾಡಿದ್ದರ ಕುರಿತದ್ದು, 11 ನ್ಯಾಯಮೂರ್ತಿಗಳ ಒಮ್ಮತ, ಭಾಷೆ ತಿಳಿ. ನಿಯಮ ಇರುವುದು 50ನೇ ಪ್ಯಾರಾದಲ್ಲಿ. ಅದನ್ನು ಅವಳ ಮಾತಿನಲ್ಲಿ ಮೂರು ಸಾಲು ಬರೆಯಲಿ, ಆಮೇಲೆ ಕೋರ್ಟಿನ ಪ್ರೆಸ್ ಸಮ್ಮರಿ ತೆಗೆದು ಹೋಲಿಸಲಿ.

ರಾಗಿಮುದ್ದೆ_ರಾಯ
ಸೈಕಲ್ ಅಂದ್ರಲ್ಲ, ಥೆಫ್ಟ್ ಆಕ್ಟ್‌ನಲ್ಲೇ ಸೈಕಲ್ಲಿಗೆ ಬೇರೆ ಸೆಕ್ಷನ್ ಇದೆ ಕಣ್ರೀ! ಸೆಕ್ಷನ್ 12ರ ಉಪವಿಧಿ 5, ಮಾಲೀಕನ ಒಪ್ಪಿಗೆ ಇಲ್ಲದೆ ಸೈಕಲ್ ಒಯ್ಯೋದೇ ಅಪರಾಧ. ಕಳ್ಳತನ ಅಲ್ಲ, ಆದ್ರೂ ಸಿಕ್ಕಿಬೀಳ್ತಾನೆ.

ಸವದತ್ತಿ_ಸೆಕ್ಷನ್
ನೋಟ್ಸ್ ಸಾಕು ಅಂದವರು ಕಾಯ್ದೆ ತೆಗೆದು ಓದ್ಯಾರಲ್ಲ! ಹೌದ್ರೀ, ಐತಿ. 300 ಪದ ಬರೆದ ಮ್ಯಾಲ ಆಕಿಗೆ ಇದನ್ನ ಹುಡುಕಾಕ ಹಚ್ರಿ, ಮೊದಲ ಹೇಳಬ್ಯಾಡ್ರಿ.

ತುಂಗಾತೀರ
ಅವಳು ಇದನ್ನೆಲ್ಲ ಓದುತ್ತಿದ್ದಾಳೆ, ಸೆಕ್ಷನ್ 12 ಈಗಾಗಲೇ ಕಣ್ಣಿಗೆ ಬಿತ್ತು. ಬೇರೆ ಪ್ರಶ್ನೆ ಕೊಡಿ.

ಸವದತ್ತಿ_ಸೆಕ್ಷನ್
ಹಂಗಾರ ಸೈಕಲ್ ಬಿಡ್ರಿ, ಛತ್ರಿ ಅಂತ ಮಾಡ್ರಿ. ಬಾಗಿಲ ಹತ್ರ ಇದ್ದ ಎರಡು ಕರೇ ಛತ್ರಿಯಾಗ ಒಬ್ಬಾಂವ ತನ್ನದ ಅಂತ ತಿಳದು ಮಂದೀದು ಒಯ್ದ, ಮನೀಗೆ ಹೋದ ಮ್ಯಾಲ ಗೊತ್ತಾತು, ಆದ್ರೂ ಸುಮ್ಮ ಇಟಗೊಂಡ. ಸೆಕ್ಷನ್ 3ರ ಉಪವಿಧಿ 1 ಓದಿ ಬರೀಲಿ.